ಅಂದಾನಪ್ಪ ಮಾಸ್ತರರ ವೃತ್ತದಿಗ್ವಿಜಯ

ಸಮಸ್ತ ಪ್ರಶ್ನಪತ್ರಿಕಾಸಿಂಹಾಸನಾರೂಢೆಯೇ, ಚತುರ್ವೃತ್ತಾಲಂಕೃತೆಯೇ, ಎ-ಬಿ-ಸಿ-ಡಿ ಎಂಬ ನಾಲ್ಕೇ ನಾಲ್ಕು ಕಿಂಡಿಗಳಲ್ಲಿ ಹತ್ತು ವರ್ಷದ ಕೂಸುಗಳ ಸಕಲ ಜ್ಞಾನವನ್ನೂ ತೂರಿಸಿ ಜರಡಿ ಹಿಡಿಯುವ ಮಹಾಮೌಲ್ಯಾಂಕನದೇವಿಯೇ, ಈ ಕಥೆ ಮುಗಿಯುವತನಕ ನನ್ನ ನಾಲಗೆಯ ಮೇಲೆ ಕುಳಿತುಕೋ. ಕೂರಲು ಜಾಗ ಸಿಗುವುದು ಎಷ್ಟು ದೊಡ್ಡ ಭಾಗ್ಯವೆಂದು ನಿನಗೆ ಗೊತ್ತಿಲ್ಲದಿದ್ದರೂ ಹುಲ್ಲಿಮಟ್ಟಿಯ ಅಂದಾನಪ್ಪ ಮಾಸ್ತರರಿಗೆ ಚೆನ್ನಾಗಿ ಗೊತ್ತು.

ಆ ಯುಗವನ್ನು ಹೇಗೆ ಬಣ್ಣಿಸಲಿ! ಮಗು ಉಂಡಿತೇ ಎಂದು ಕೇಳುವ ಮೊದಲು ಶಾಲೆಗೆ ಯಾವ ಶ್ರೇಣಿ ಎಂದು ಕೇಳುತ್ತಿದ್ದ ಯುಗ ಅದು. ಐದನೆಯ ತರಗತಿಯ ಮಕ್ಕಳನ್ನೆಲ್ಲ ರಾಜ್ಯವೇ ಒಂದು ದಿನ, ಒಂದೇ ಹೊತ್ತಿಗೆ, ಒಂದೇ ಹಾಳೆಯಿಂದ ಅಳೆಯುತ್ತಿತ್ತು. ಉತ್ತರ ಬರೆಯುವಂತಿಲ್ಲ, ಸರಿಯಾದ ವೃತ್ತವನ್ನು ಕಪ್ಪು ಪೆನ್ನಿನಿಂದ ತುಂಬಬೇಕು. ತುಂಬಿದ ವೃತ್ತಗಳನ್ನು ಕಣ್ಣಿಲ್ಲದ, ಕರುಣೆಯಿಲ್ಲದ, ಮಧ್ಯಾಹ್ನದ ಊಟದ ಬಿಡುವೂ ಬೇಡದ ಯಂತ್ರವೊಂದು ಓದುತ್ತಿತ್ತು. ಅದು ಓದಿದ್ದೇ ವೇದ.

ಅಂಥ ಯುಗದಲ್ಲಿ, ಸೀಮೆಸುಣ್ಣಖಡ್ಗಪಾಣಿಯೂ ಹಾಜರಿಪುಸ್ತಕಕವಚಧಾರಿಯೂ ಮೂವತ್ತೊಂದು ವರ್ಷಗಳ ಮಗ್ಗಿಸಂಗ್ರಾಮದಲ್ಲಿ ಅರ್ಧ ಗಂಟಲನ್ನು ಬಲಿಗೊಟ್ಟವರೂ ಆದ ಅಂದಾನಪ್ಪ ಮಾಸ್ತರರು ಹುಲ್ಲಿಮಟ್ಟಿಯ ಸರ್ಕಾರಿ ಶಾಲೆಯಲ್ಲಿ ಇಪ್ಪತ್ಮೂರು ಮಕ್ಕಳ ಐದನೆಯ ತರಗತಿಯನ್ನು ಆಳುತ್ತಿದ್ದರು. ಮೇ ತಿಂಗಳ ಕೊನೆಗೆ ಅವರ ನಿವೃತ್ತಿ. ಆಯುಷ್ಯದಲ್ಲಿ ಅವರಿಗೆ ಉಳಿದಿದ್ದ ಆಸೆ ಒಂದೇ: ತಾಲೂಕಿನ ಮಾಸ್ತರರ ಸಭೆಯಲ್ಲಿ ಕೂತು ಚಹಾ ಕುಡಿಯುವುದು.

ನಗಬೇಡಿ. ಆ ತಾಲೂಕಿನಲ್ಲಿ ಒಂದು ಪದ್ಧತಿಯಿತ್ತು. ಯಾವ ಸುತ್ತೋಲೆಯಲ್ಲಿಯೂ ಬರೆದಿರದಿದ್ದರೂ ಸುತ್ತೋಲೆಗಿಂತ ಗಟ್ಟಿಯಾಗಿ ನಡೆಯುತ್ತಿತ್ತು. ಏಪ್ರಿಲ್ ಸಭೆಯಲ್ಲಿ ಶಿಕ್ಷಣ ಇಲಾಖೆಯ ಸಾಹೇಬರು ಫಲಿತಾಂಶ ಓದುವಾಗ ಎ ಶ್ರೇಣಿಯ ಮಾಸ್ತರರು ಎದ್ದು ಚಪ್ಪಾಳೆ ಹೊಡೆಸಿಕೊಂಡು ಕೂರಬೇಕು. ಬಿ ಶ್ರೇಣಿಯವರು ಸುಮ್ಮನೆ ಕೂತಿರಬೇಕು. ಸಿ ಶ್ರೇಣಿಯವರು ಎದ್ದವರು ಸಭೆ ಮುಗಿಯುವವರೆಗೂ ನಿಂತಿರಬೇಕು, ಚಹಾವನ್ನೂ ನಿಂತೇ ಕುಡಿಯಬೇಕು. ಅಂದಾನಪ್ಪ ಮಾಸ್ತರರು ಎರಡು ವರ್ಷ ಸತತವಾಗಿ ಹಿಂದಿನ ಗೋಡೆಗೆ ಬೆನ್ನು ಹಚ್ಚಿ, ಒಂದು ಕೈಯಲ್ಲಿ ಚೀಲ ಒಂದು ಕೈಯಲ್ಲಿ ಚಹಾದ ಕಪ್ಪು ಹಿಡಿದು, ತಾವೇ ಕಲಿಸಿದ ಹುಡುಗರು ಮಾಸ್ತರರಾಗಿ ಮುಂದೆ ಕೂತಿರುವುದನ್ನು ನೋಡಿದ್ದರು.

ಎರಡನೆಯ ವರ್ಷ ಸಭೆ ಬಿಟ್ಟಾಗ ನಾಗಸಂದಿ ಶಾಲೆಯ ಪಡಸಲಗಿ ಮಾಸ್ತರರು, ಸತತ ಎ ಶ್ರೇಣಿಯ ಮಹಾರಥಿ, ಸುಗಂಧತೈಲಲೇಪಿತಕೇಶ, ಬಾಗಿಲಲ್ಲಿ ತಡೆದು ನುಡಿದರು: "ಅಂದಾನಪ್ಪನವರ, ಕಾಲು ನೋವು ಬಂದಾವೇನ್ರಿ? ನನ್ನ ಹುಡುಗರು ಕಣ್ಣು ಮುಚ್ಚಿದ್ರೂ ಗೋಲ ತುಂಬ್ತಾವ. ನಿಮ್ಮವು ಕಣ್ಣು ತೆರೆದು ಪೆನ್ನು ಕಚ್ಚತಾವ. ಬರೋ ವರ್ಷ ಒಂದು ಸ್ಟೂಲರ ತರ್ರಿ."

ಅದಕ್ಕೆ ನಮ್ಮ ವೀರರು ಚೀಲವನ್ನು ಭುಜಕ್ಕೇರಿಸಿ, ಅರ್ಧ ಗಂಟಲಿನಲ್ಲಿಯೇ ಘರ್ಜಿಸಿದರು: "ಪಡಸಲಗಿ! ಬರೋ ವರ್ಷ ಇದೇ ಹಾಲಿನ್ಯಾಗ ಮೊದಲನೇ ಸಾಲಿನ್ಯಾಗ ಕುಂತು, ಕಾಲ ಮ್ಯಾಲೆ ಕಾಲ ಹಾಕಿ, ಚಾ ಕುಡೀಲಿಲ್ಲಂದ್ರ ನಾ ಮಾಸ್ತರ ಅಲ್ಲ. ಅದೂ ಬಶಿಯೊಳಗ ಹಾಕ್ಕೊಂಡು ಕುಡೀತೀನಿ!" ಈ ಪ್ರತಿಜ್ಞೆಗೆ ಬಾಗಿಲಲ್ಲಿದ್ದ ಜವಾನನೂ ಒಂದು ಕ್ಷಣ ಬೀಡಿ ಆರಿಸಿದ.

ಮರುವರ್ಷ ಪರೀಕ್ಷೆಗೆ ಮುನ್ನ ನಡೆದದ್ದು ನಲವತ್ತು ದಿನಗಳ ಮಹಾಶಸ್ತ್ರಾಭ್ಯಾಸ. ಶಾಲೆಯ ಅಂಗಳದಲ್ಲಿ ಸುಣ್ಣದ ಪುಡಿಯಿಂದ ಉತ್ತರಪತ್ರಿಕೆಯನ್ನೇ ಬರೆಯಲಾಯಿತು. ಒಂದೊಂದು ವೃತ್ತವೂ ಎಮ್ಮೆ ಮಲಗುವಷ್ಟು ಅಗಲ. ಮಾಸ್ತರರು ಕಟ್ಟೆಯ ಮೇಲೆ ನಿಂತು ಪ್ರಶ್ನೆ ಎಸೆದರೆ ಮಕ್ಕಳು ಓಡಿ ಸರಿಯಾದ ವೃತ್ತದಲ್ಲಿ ನಿಲ್ಲಬೇಕು, ಗೆರೆ ತುಳಿದವರು ಔಟು. "ನೂರಾ ನಲವತ್ನಾಕು ಭಾಗಿಸು ಹನ್ನೆರಡು!" ಎಂದರೆ ಇಪ್ಪತ್ತೆರಡು ಜೋಡಿ ಕಾಲುಗಳು ಬಿ ವೃತ್ತಕ್ಕೆ ನುಗ್ಗುತ್ತಿದ್ದವು. ಇಪ್ಪತ್ಮೂರನೆಯ ಜೋಡಿ ಮಾತ್ರ ಡಿ ವೃತ್ತದಲ್ಲಿ ಒಂಟಿಯಾಗಿ ನಿಂತು ಮಾಸ್ತರರನ್ನು ನೋಡಿ ನಗುತ್ತಿತ್ತು.

ಅವಳೇ ಅಡಿವೆವ್ವ. ಹಾಜರಿಯಲ್ಲಿ ಮೊದಲ ಹೆಸರು, ಭಾಗಾಕಾರದಲ್ಲಿ ಕೊನೆಯ ಹೆಸರು. ಡಿ ವೃತ್ತದ ಮೇಲೆ ಹುಣಸೆಮರದ ನೆರಳು ಬೀಳುತ್ತದೆಂಬುದು ಅವಳ ಏಕೈಕ ತರ್ಕ. ಮಾಸ್ತರರಿಗೆ ಅವಳ ಮೇಲೆ ಸಿಟ್ಟೂ ಇತ್ತು, ಸಿಟ್ಟಿಗಿಂತ ಹೆಚ್ಚು ಅಕ್ಕರೆಯೂ ಇತ್ತು.

ವೃತ್ತಯುದ್ಧದ ಗರ್ಭಗುಡಿಯೆಂದರೆ ಹಾಳೆಯ ನೆತ್ತಿಯ ಮೇಲಿನ ವಿದ್ಯಾರ್ಥಿಸಂಖ್ಯೆ. ಪ್ರತಿ ಮಗುವಿಗೂ ಶಾಲೆಗೆ ಸೇರಿದಂದಿನಿಂದ ಬದಲಾಗದ, ಒಂಬತ್ತು ಅಂಕೆಗಳ ಬೇರೆ ಬೇರೆ ಸಂಖ್ಯೆ. ಅದೊಂದು ತಪ್ಪಿದರೆ ಉಳಿದದ್ದೆಲ್ಲ ನೀರಿನಲ್ಲಿ ಹೋಮ. ಆದರೆ ಸಂಖ್ಯೆಯ ಚೀಟಿಗಳು ಬರುವುದು ಪರೀಕ್ಷೆಯ ದಿನ ಬೆಳಿಗ್ಗೆ. ಆವರೆಗೆ ಅಭ್ಯಾಸಕ್ಕೆ ಯಾವುದಾದರೂ ಒಂದು ಸಂಖ್ಯೆ ಬೇಕಲ್ಲ? ಮಾಸ್ತರರು ಹಳೆಯ ಕಡತದಲ್ಲಿ ಸಿಕ್ಕ ಅಡಿವೆವ್ವನ ಸಂಖ್ಯೆಯನ್ನೇ ಹಲಗೆಯ ಮೇಲೆ ಬರೆದರು. "ಇದನ್ನ ನಿದ್ದಿಯೊಳಗ ಎಬ್ಬಿಸಿದ್ರೂ ತುಂಬಬೇಕು ನೋಡ್ರಿ!" ಎಂದು ಆಜ್ಞೆಯಾಯಿತು.

ಮಕ್ಕಳು ಅದಕ್ಕೆ ರಾಗ ಕಟ್ಟಿದರು. ಎರಡು-ಸೊನ್ನಿ-ಏಳು-ಏಳು, ನಾಕು-ಒಂದು-ಆರು, ಮೂರು-ಮೂರು! ಅನ್ನದ ತಟ್ಟೆ ತೊಳೆಯುತ್ತ ಹಾಡಿದರು, ಹಗ್ಗದಾಟ ಆಡುತ್ತ ಹಾಡಿದರು. ಅಡುಗೆಯ ಶಾವಂತ್ರಮ್ಮ ಸಾರಿಗೆ ಉಪ್ಪು ಹಾಕುತ್ತ ಅದನ್ನೇ ಗುನುಗಿ ಎರಡು ಸಲ ಉಪ್ಪು ಹಾಕಿದಳು. ಮುಖ್ಯಾಧ್ಯಾಪಕಿ ನೀಲಗಂಗಾಬಾಯಿಯವರು ಒಮ್ಮೆ ಕೇಳಿದರು, "ಸರ್, ಎಲ್ಲಾರೂ ಒಂದೇ ನಂಬರ್ ಹಾಡ್ತಾವಲ್ರಿ?" ಮಾಸ್ತರರು ಕೈ ಬೀಸಿ, "ಅದು ಬರೇ ನಮೂನಾ ರೀ ಬಾಯಾರ" ಎಂದರು. ನಮೂನೆ ಎಂಬ ಮಾತನ್ನು ಅವರು ಬಾಯಿಯವರಿಗೆ ಹೇಳಿದರು, ಮಕ್ಕಳಿಗೆ ಹೇಳಲು ಮರೆತರು.

ಪರೀಕ್ಷೆಯ ದಿನ ಬಂತು. ಇಪ್ಪತ್ತೆರಡು ಮಂದಿ ವೀರಬಾಲಕಬಾಲಿಕೆಯರು ಎಣ್ಣೆ ಹಚ್ಚಿದ ತಲೆಯಲ್ಲಿ, ವಿಭೂತಿಯಲ್ಲಿ, ತಾಯತದಲ್ಲಿ ಸಜ್ಜಾಗಿ ನಿಂತರು. ಅಡಿವೆವ್ವ ಮಾತ್ರ ಬರಲಿಲ್ಲ. ಮೈಮೇಲೆ ಸೀತಾಳೆ ಸಿಡುಬಿನ ಗುಳ್ಳೆ ಎದ್ದು ಅವಳು ಬೇವಿನ ಸೊಪ್ಪಿನ ಮೇಲೆ ಮಲಗಿದ್ದಳು. ತಮ್ಮ ಶಾಲೆಗೆ ತಾವೇ ಕಾವಲು ಕೂರುವಂತಿಲ್ಲವೆಂಬ ನಿಯಮದಂತೆ ಅಂದಾನಪ್ಪ ಮಾಸ್ತರರು ಚೀಟಿ ಹಂಚಿ ನಾಗಸಂದಿಗೆ ಹೋದರು, ಪಡಸಲಗಿ ಮಾಸ್ತರರು ಹುಲ್ಲಿಮಟ್ಟಿಗೆ ಬಂದರು. ಪಡಸಲಗಿಯವರು ಸಾಲುಸಾಲಾಗಿ ನಡೆದು ನೋಡಿದರು. ಚೀಟಿಗಳೆಲ್ಲ ಜೇಬಿನಲ್ಲಿ ಭದ್ರ, ಸಂಖ್ಯೆಯ ವೃತ್ತಗಳೆಲ್ಲ ಗೆರೆ ದಾಟದೆ ಹೊಳೆಯುತ್ತಿದ್ದವು. ಅವರು ಆ ಅಂದವನ್ನು ಹೆಚ್ಚು ಹೊತ್ತು ನೋಡಲಾರದೆ, ಒಂದೂ ಸಂಖ್ಯೆ ಓದದೆ ಸಹಿ ಹಾಕಿದರು.

ಏಪ್ರಿಲ್ ಸಭೆ. ಅಂದಾನಪ್ಪ ಮಾಸ್ತರರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೊನೆಯ ಸಾಲಿನಲ್ಲಿ, ಏಳಲು ಅನುಕೂಲವಾಗಲಿ ಎಂದು ತುದಿಯ ಕುರ್ಚಿಯಲ್ಲಿ ಕೂತರು. ಸಾಹೇಬರು ಕನ್ನಡಕ ಏರಿಸಿ ಓದಿದರು: "ಹುಲ್ಲಿಮಟ್ಟಿ. ಶೇಕಡಾ ನೂರು. ಎ ಶ್ರೇಣಿ. ತಾಲೂಕಿಗೇ ಪ್ರಥಮ!"

ಸಭಾಭವನ ಗುಡುಗಿತು. ಪಡಸಲಗಿಯವರ ಚಪ್ಪಾಳೆ ಅರ್ಧಕ್ಕೆ ನಿಂತಿತು. ಮಾಸ್ತರರು ಎದ್ದರು, ಶಾಲು ಹೊದಿಸಿಕೊಂಡರು, ಮೊದಲನೆಯ ಸಾಲಿನಲ್ಲಿ ಕೂತರು. ಮೂವತ್ತೊಂದು ವರ್ಷಗಳ ದಣಿವು ಆ ಕುರ್ಚಿಯೊಳಗೆ ಇಳಿದುಹೋಯಿತು. ಚಹಾ ಬಂತು. ಕಾಲಿನ ಮೇಲೆ ಕಾಲು ಹಾಕಿ, ಬಶಿಗೆ ಚಹಾ ಸುರಿದು, ಅದು ಆರುವ ತನಕ ನೋಡೋಣವೆಂದು ಶಾಲಿನ ಜೊತೆ ಕೊಟ್ಟಿದ್ದ ಫಲಿತಾಂಶದ ಹಾಳೆಯ ಮೇಲೆ ಕಣ್ಣಾಡಿಸಿದರು.

ಹಾಜರಾದವರು: ಒಬ್ಬರು. ತೇರ್ಗಡೆಯಾದವರು: ಒಬ್ಬರು. ಹೆಸರು: ಅಡಿವೆವ್ವ. ನಲವತ್ತಕ್ಕೆ ಮೂವತ್ತೊಂಬತ್ತು. ಉಳಿದ ಇಪ್ಪತ್ತೆರಡು ಹೆಸರುಗಳ ಮುಂದೆ ಗೈರು, ಗೈರು, ಗೈರು.

ಯಂತ್ರಕ್ಕೆ ಇಪ್ಪತ್ತೆರಡು ಹಾಳೆಗಳಲ್ಲಿ ಕಂಡದ್ದು ಒಂದೇ ಮಗು, ಅವುಗಳಲ್ಲಿ ಹೆಚ್ಚು ಅಂಕದ ಹಾಳೆಯನ್ನು ಅದರ ಹೆಸರಿಗೆ ಬರೆದುಕೊಂಡಿತ್ತು. ಅದೂ ಆ ದಿನ ಬೇವಿನ ಸೊಪ್ಪಿನ ಮೇಲೆ ಮಲಗಿದ್ದ ಮಗು. ಮಾಸ್ತರರ ಕಿವಿಯೊಳಗೆ ಹಗ್ಗದಾಟದ ಹಾಡು ಶುರುವಾಯಿತು. ಮೂರು-ಮೂರು ಎಂದು ಮುಗಿದು ಮತ್ತೆ ಎರಡರಿಂದ ಶುರುವಾಯಿತು.

"ಆಕ್ಷೇಪಣೆ ಇದ್ದವರು ಸಭೆ ಮುಗಿಯೋದ್ರೊಳಗ ಹೇಳ್ರಿ. ಆಮ್ಯಾಲೆ ನಾ ಕೇಳೂದಿಲ್ಲ" ಎಂದು ಸಾಹೇಬರು ಗಡಿಯಾರ ನೋಡಿದರು.

ಮಹಾವೀರರಿಗೆ ಮಹಾಸಂಕಟಗಳು ಬರುವುದು ಇಂಥ ಹೊತ್ತಿನಲ್ಲಿಯೇ. ಸುಮ್ಮನಿದ್ದರೆ ಶಾಲು ತಮ್ಮದು, ಕುರ್ಚಿ ತಮ್ಮದು, ಬಶಿಯಲ್ಲಿ ಹದವಾಗಿ ಆರಿದ ಚಹಾ ತಮ್ಮದು. ಇನ್ನು ಒಂದೂವರೆ ತಿಂಗಳಿಗೆ ನಿವೃತ್ತಿ, ಕೇಳುವವರಾರು? ಆದರೆ ನಲವತ್ತು ದಿನ ಬಿಸಿಲಿನಲ್ಲಿ ಸುಣ್ಣದ ಗೆರೆ ತುಳಿಯದೆ ಓಡಿದ ಮಕ್ಕಳು ರಾಜ್ಯದ ಲೆಕ್ಕದಲ್ಲಿ ಶಾಲೆಗೇ ಬಂದಿರಲಿಲ್ಲ. ಮಾಸ್ತರರಿಗೆ ನಾಚಿಕೆಯಾಯಿತು, ಎರಡು ವರ್ಷ ಗೋಡೆಗೆ ನಿಂತಾಗ ಆದದ್ದಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಬಶಿಯನ್ನು ಕೈಯಲ್ಲಿ ಹಿಡಿದೇ ಅವರು ಎದ್ದು ನಿಂತರು.

"ಸಾಹೇಬರ, ಇದು ಖರೇ ಫಲಿತಾಂಶ ಅಲ್ರಿ. ಎಲ್ಲಾ ಹುಡುಗರೂ ಒಂದೇ ನಂಬರ್ ತುಂಬ್ಯಾವ. ತಪ್ಪು ಅವರದಲ್ಲ, ನಂದು. ನಾ ಕಲಿಸಿದ್ದನ್ನ ಹಂಗs ಮಾಡ್ಯಾವ."

ಸಭೆ ಗೊಳ್ಳೆಂದು ನಕ್ಕಿತು. ಸಾಹೇಬರು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಕೊನೆಗೆ, "ತನಿಖಿ ಆಗೋತನಕ ಶ್ರೇಣಿ ಇಲ್ಲ. ಶ್ರೇಣಿ ಇಲ್ಲದವರು... ನೀವು ಸದ್ಯಕ್ಕ ನಿಂತಿರ್ರಿ" ಎಂದರು. ಶಾಲು ಹಿಂದಕ್ಕೆ ಹೋಯಿತು. ಮಾಸ್ತರರು ಹಳೆಯ ಗೋಡೆಗೆ ಬೆನ್ನು ಹಚ್ಚಿ, ಆರಿದ ಚಹಾವನ್ನು ಬಶಿಯಿಂದಲೇ, ನಿಂತೇ ಕುಡಿದರು. ಪಡಸಲಗಿಯವರು ಯಾಕೋ ಈ ಸಲ ತಿರುಗಿ ನೋಡಲಿಲ್ಲ.

ಮರುವಾರ ಇಪ್ಪತ್ತೆರಡು ಹಾಳೆಗಳನ್ನು ಕಚೇರಿಯ ಮೇಜಿನ ಮೇಲೆ ಹರಡಿದರು. ಹೆಸರಿನ ಭಾಗವನ್ನು ಕತ್ತರಿಸಿ ಎಲ್ಲಿಯೋ ಕಳಿಸಿಯಾಗಿತ್ತು, ಉಳಿದದ್ದು ಬರಿಯ ಕಪ್ಪು ಚುಕ್ಕೆಗಳು. "ಯಾವುದು ಯಾರದು ಅಂತ ಯಾರು ಹೇಳಬೇಕ್ರಿ?" ಎಂದು ಗುಮಾಸ್ತ ಕೈ ಚೆಲ್ಲಿದ. ಮಾಸ್ತರರು ಒಂದೊಂದಾಗಿ ಎತ್ತಿದರು. "ಒತ್ತಿ ಒತ್ತಿ ಹಾಳಿ ತೂತು ಮಾಡ್ಯಾನ, ಇಂವ ಇಮಾಮಸಾಬ. ಗಡಿಯಾರದ ಮುಳ್ಳಿನ ಉಲ್ಟಾ ತಿರುವಿ ತುಂಬ್ಯಾಳ, ಈಕಿ ಎಡಚಿ ಹೊಳಿಯವ್ವ. ಇಲ್ಲಿ ಬೆವರಿನ ಹೆಬ್ಬೆಟ್ಟು ಐತಿ, ಇದು ಫಕೀರೇಶ." ಒಂದು ಗಂಟೆಯೊಳಗೆ ಇಪ್ಪತ್ತೆರಡು ಹಾಳೆಗಳಿಗೂ ಇಪ್ಪತ್ತೆರಡು ಮುಖ ಬಂದವು. ಆಮೇಲೆ ತಾಳೆ ನೋಡಲು ಹೆಸರಿನ ಭಾಗಗಳನ್ನು ಹುಡುಕಿ ತರಿಸಿ, ಕತ್ತರಿಸಿದ ಅಂಚಿಗೆ ಅಂಚು ಕೂಡಿಸಿದರು, ಒಂದೂ ತಪ್ಪಿರಲಿಲ್ಲ. ಯಂತ್ರದಿಂದ ಆಗದ ಕೆಲಸವಿದು. ಕಚೇರಿಯಲ್ಲಿ ಖಾಲಿ ಕುರ್ಚಿ ಇರಲಿಲ್ಲವಾದ್ದರಿಂದ ಅದನ್ನೂ ಅವರು ನಿಂತೇ ಮಾಡಿದರು.

ಮೇ ತಿಂಗಳ ಮೂವತ್ತೊಂದರಂದು ಪರಿಷ್ಕೃತ ಫಲಿತಾಂಶ ಬಂತು. ಹುಲ್ಲಿಮಟ್ಟಿ: ಬಿ ಶ್ರೇಣಿ.

ಬಿ ಶ್ರೇಣಿಯೆಂದರೆ ಏಳಬೇಕಾಗಿಲ್ಲ, ಚಪ್ಪಾಳೆಯಿಲ್ಲ. ಸುಮ್ಮನೆ ಕೂತು ಚಹಾ ಕುಡಿಯಬಹುದು. ಮಾಸ್ತರರು ಬೇಡಿದ್ದು ಅಷ್ಟನ್ನೇ. ಆದರೆ ಸಭೆ ಮುಗಿದು ತಿಂಗಳ ಮೇಲಾಗಿತ್ತು, ಸಂಜೆ ಐದಕ್ಕೆ ಅವರ ನೌಕರಿಯೂ ಮುಗಿಯುವುದಿತ್ತು.

ನೀಲಗಂಗಾಬಾಯಿಯವರು ಶಾವಂತ್ರಮ್ಮನಿಂದ ಚಹಾ ಮಾಡಿಸಿ, ಶಾಲೆಯಲ್ಲಿದ್ದ ಒಂದೇ ಒಂದು ಕೈಕುರ್ಚಿಯನ್ನು ಅಂಗಳಕ್ಕೆ ತರಿಸಿದರು. ಅಷ್ಟರಲ್ಲಿ ಅಡಿವೆವ್ವ ಬಂದಳು. ಮುಖದ ತುಂಬ ಗುಳ್ಳೆಯ ಕಲೆ, ಕಣ್ಣಿನ ತುಂಬ ದೂರು.

"ಸರ, ನಂದು ಮೂವತ್ತೊಂಬತ್ತು ಬಂದಿತ್ತಂತಲ್ರಿ. ನೀವs ಎದ್ದು ನಿಂತು ಕಳದ್ರಂತ?"

ಅದಕ್ಕೆ ಉತ್ತರ ಎ ವೃತ್ತದಲ್ಲಿಯೂ ಇರಲಿಲ್ಲ, ಬಿ ಸಿ ಡಿಯಲ್ಲಿಯೂ ಇರಲಿಲ್ಲ. ಮಾಸ್ತರರು ತಲೆ ಕೆರೆದುಕೊಂಡು, ಅವಳನ್ನು ಕುರ್ಚಿಯ ಮೇಲೆ ಕೂರಿಸಿ, ತೊಡೆಯ ಮೇಲೆ ಪಾಟಿ ಇಟ್ಟು, "ಮೊದಲಿಂದ ಬಾ. ನೂರಾ ನಲವತ್ನಾಕು ಭಾಗಿಸು ಹನ್ನೆರಡು" ಎಂದರು. ಅವಳು ಬಳಪ ಕಚ್ಚುತ್ತ ಹುಣಸೆಮರದ ಕಡೆ ನೋಡಿದಳು.

ಮಾಸ್ತರರು ಪಕ್ಕದಲ್ಲಿ ನಿಂತು ಚಹಾ ಕುಡಿದರು.