ಕೆಂಪು ಪೆನ್ಸಿಲ್ಲಿನ ಸುತ್ತುಗಳು

ಒಂದು ಕರಪತ್ರ ಅಚ್ಚು ಹಾಕಿಸುವುದು ವಿಶ್ವವಿದ್ಯಾನಿಲಯದಲ್ಲಿ ಓದಿದವನಿಗೆ ಕಷ್ಟದ ಕೆಲಸವಲ್ಲ. ಆಳುವವರನ್ನು ಪ್ರಶ್ನಿಸುವ ಹಕ್ಕು ಪ್ರಜೆಗಿದೆ, ಪ್ರಶ್ನೆಯನ್ನು ಮೊನಚಾಗಿ ಬರೆಯುವ ವಿದ್ಯೆ ನನಗಿದೆ, ಅಚ್ಚುಕೂಟ ಚಿಂತಾಮಣಿಯಲ್ಲಿದೆ. ಇನ್ನೇನು ಬೇಕು?

ನನ್ನ ಕೋಪಕ್ಕೆ ಕಾರಣ ನಮ್ಮ ಬೀದಿಯ ನಲ್ಲಿ. ಶಿಡ್ಲಘಟ್ಟದ ರಸ್ತೆಯಲ್ಲಿರುವ ನಮ್ಮ ಹಳ್ಳಿಗೆ ಪಂಚಾಯ್ತಿಯ ಚೇರ್ಮನ್ನರು ನಲ್ಲಿ ಹಾಕಿಸಿದರು, ಹಾರ ಹಾಕಿಸಿಕೊಂಡರು, ಹೊರಟುಹೋದರು. ನೀರೂ ಅವರ ಹಿಂದೆಯೇ ಹೋಯಿತು, ನೇರವಾಗಿ ಅವರ ಹಿಪ್ಪುನೇರಳೆ ತೋಟಕ್ಕೆ! ಅವರ ಮನೆಯ ರೇಷ್ಮೆಹುಳುಗಳು ಎಳೆಯ ಸೊಪ್ಪು ಮೇಯುತ್ತ ಮಲಗಿದ್ದರೆ, ತುಂಬು ಬಸುರಿಯಾದ ನನ್ನ ಹೆಂಡತಿ ಸರೋಜ ಊರಾಚೆಯ ಬಾವಿಯಿಂದ ಬಿಂದಿಗೆ ಹೊರುತ್ತಿದ್ದಳು. ಇದಕ್ಕೆ ಹೊಣೆ ಯಾರು?

"ನೀವೇ ಎರಡು ಬಿಂದಿಗೆ ತಂದ್ಕೊಟ್ರೆ ಆಗಲ್ವೇನ್ರೀ?" ಎಂದಳು ಸರೋಜ.

"ನಾನು ಬಿಂದಿಗೆ ಹೊತ್ತರೆ ಅನ್ಯಾಯಕ್ಕೆ ಒಪ್ಪಿಗೆ ಕೊಟ್ಟಂತೆ!" ಎಂದು ಗುಡುಗಿ, ನಾನು ಲೇಖನಿ ಹೊತ್ತೆ.

ಕರಪತ್ರ ಹೀಗಿತ್ತು: "ನಲ್ಲಿ ಹಾಕಿಸಿದವರು ಯಾರು? ನಮ್ಮ ಚೇರ್ಮನ್ನರು! ಆದರೆ ನೀರೆಲ್ಲಿ? ದೀಪದ ಕಂಬ ನೆಡಿಸಿದವರು ಯಾರು? ನಮ್ಮ ಚೇರ್ಮನ್ನರು! ಆದರೆ ದೀಪವೆಲ್ಲಿ? ಇಂಥವರನ್ನು ಊರು ಮರೆಯಲಾದೀತೇ? ತೋಟಕ್ಕೆ ಹರಿಸಿಕೊಂಡ ನೀರಿಗೆ ಅವರು ಉತ್ತರ ಕೊಡಲಿ!"

ಓದುವ ದಿನಗಳಲ್ಲಿ, ಮುಖ್ಯವಾದುದಕ್ಕೆಲ್ಲ ಕೆಂಪು ಪೆನ್ಸಿಲ್ಲಿನಲ್ಲಿ ಸುತ್ತು ಹಾಕುವುದು ನನ್ನ ಶಿಸ್ತಾಗಿತ್ತು. ಅಂತೆಯೇ ಬೆಂಕಿಯಂಥ ವಾಕ್ಯಗಳಿಗೆಲ್ಲ ಒಂದೊಂದು ಸುತ್ತು ಹಾಕಿದೆ: ನೀರೆಲ್ಲಿ, ದೀಪವೆಲ್ಲಿ, ಉತ್ತರ ಕೊಡಲಿ. ಕೊನೆಗೆ ನನ್ನ ಹೆಸರು, ಅದರ ಮುಂದೆ ಬಿ.ಎ. ಅದರ ಕೆಳಗೆ ಅಚ್ಚುಕೂಟದವರಿಗೆ ಒಂದು ಸೂಚನೆ: "ಅಕ್ಷರ ದಪ್ಪಗಿರಲಿ, ಕಾಗದ ಅಗ್ಗದ್ದಾದರೂ ಸಾಕು."

ಅಚ್ಚುಕೂಟದ ಯಜಮಾನ ನಾರಾಯಣಪ್ಪ ಹಾಳೆಯನ್ನು ತಿರುಗಿಸಿ ನೋಡಿದ. "ಸಾರ್, ನಮ್ಮ ಪ್ರೆಸ್ಸಲ್ಲಿ ಒಂದು ಪದ್ಧತಿ ಅದೆ..."

"ನನಗೆ ಪದ್ಧತಿ ಕಲಿಸಬೇಡಿ! ನಿಮ್ಮ ಕೆಲಸ ನೀವು ಮಾಡಿ."

"ಆಯ್ತು ಸಾರ್. ಪ್ರೂಫಾದ್ರೂ ನೋಡ್ಕೊಂಡು ಹೋಗಿ."

"ನನ್ನ ಬರಹದಲ್ಲಿ ತಪ್ಪಿರುವುದಿಲ್ಲ," ಎಂದು ಬಸ್ಸು ಹತ್ತಿದೆ.

ಮರುದಿನ ನಾನು ಮಧ್ಯಾಹ್ನದ ನಿದ್ರೆಯಲ್ಲಿದ್ದಾಗ ಕರಪತ್ರದ ಕಟ್ಟು ಬಸ್ಸಿನಲ್ಲಿ ಬಂದು, ಬೀದಿಯ ಹುಡುಗರ ಕೈಯಿಂದ ಊರೆಲ್ಲ ಹಂಚಿಯೂ ಹೋಯಿತು. ಕ್ರಾಂತಿ ಆರಂಭವಾಗಿತ್ತು. ನನ್ನನ್ನು ಎಬ್ಬಿಸಿದವಳು ಸರೋಜ.

"ಏನ್ರೀ ಇದು? ಆ ಮನುಷ್ಯನ್ನ ಹಿಂಗೆ ಹೊಗಳಿದೀರಲ್ಲ! ಬಾವಿ ಹತ್ರ ಎಲ್ರೂ ನನ್ನ ಮುಖ ನೋಡ್ತಾವ್ರೆ!"

ಕಿತ್ತುಕೊಂಡು ಓದಿದೆ. "ನಲ್ಲಿ ಹಾಕಿಸಿದವರು ಯಾರು? ನಮ್ಮ ಚೇರ್ಮನ್ನರು! ದೀಪದ ಕಂಬ ನೆಡಿಸಿದವರು ಯಾರು? ನಮ್ಮ ಚೇರ್ಮನ್ನರು! ಇಂಥವರನ್ನು ಊರು ಮರೆಯಲಾದೀತೇ?" ಕೆಳಗೆ ನನ್ನ ಹೆಸರು, ಬಿ.ಎ. ಅದರ ಕೆಳಗೆ, "ಅಕ್ಷರ ದಪ್ಪಗಿರಲಿ, ಕಾಗದ ಅಗ್ಗದ್ದಾದರೂ ಸಾಕು."

ಅಕ್ಷರ ದಪ್ಪಗೇ ಇತ್ತು!

ಸಂಜೆಯ ಬಸ್ಸಿನಲ್ಲಿ ಚಿಂತಾಮಣಿಗೆ ಹಾರಿದೆ. "ನನ್ನ ವಾಕ್ಯಗಳೆಲ್ಲಿ? ಚೇರ್ಮನ್ನರಿಂದ ಲಂಚ ತಿಂದಿರಾ? ಇದಕ್ಕೆ ಹೊಣೆ ಯಾರು?" ಎಂದು ಅಬ್ಬರಿಸಿದೆ. ನಾರಾಯಣಪ್ಪ ನನ್ನ ಹಾಳೆಯನ್ನೇ ತಂದು ನನ್ನ ಮೂಗಿನ ಮುಂದೆ ಹಿಡಿದ.

"ಅರೆ, ಏಂ ಸಾರ್ ನೀವು! ಸುತ್ತು ಹಾಕಿದ್ರೆ ಅದು ನಮಗೆ ಹೇಳೋ ಮಾತು, ಅಚ್ಚಿಗಲ್ಲ. ಸುತ್ತಿಲ್ದೇ ಇರೋದನ್ನೆಲ್ಲ ಅಚ್ಚು ಹಾಕ್ತೀವಿ. ಎಲ್ಲಾ ಪ್ರೆಸ್ಸಲ್ಲೂ ಇದೇ. ಹೇಳಕ್ಕೆ ಬಂದ್ರೆ ನೀವೇ ಬೈದ್ರಿ."

"ನೀರೆಲ್ಲಿ ಎಂದು ನಾನು ನಿಮ್ಮನ್ನು ಯಾಕೆ ಕೇಳಲಿ?"

"ನಾವೂ ಅದೇ ಅಂದ್ಕೊಂಡ್ವಿ ಸಾರ್. ಪಾಪ, ಊರಲ್ಲಿ ಕಷ್ಟ ಇರಬೇಕು, ನಮ್ಮ ಹತ್ರ ಹೇಳ್ಕೊಂಡವ್ರೆ ಅಂತ!"

ಅಚ್ಚುಕೂಟವೆಲ್ಲ ನಕ್ಕಿತು. ನಾನು ನಗಲಿಲ್ಲ. ಖಂಡನೆಯ ಹೊಸ ಕರಪತ್ರವನ್ನು ಮನಸ್ಸಿನಲ್ಲೇ ರಚಿಸುತ್ತ ಊರಿಗೆ ಮರಳಿದರೆ, ನಮ್ಮ ಜಗಲಿಯ ಮೇಲೆ ಸ್ವತಃ ಚೇರ್ಮನ್ನರು! ಕೈಯಲ್ಲಿ ರೇಷ್ಮೆಗೂಡು ಪೋಣಿಸಿದ ಹಾರ.

"ಬಾರಪ್ಪ ಬಾ! ಓದಿದೋರು ನಮ್ಮನ್ನ ಬೈಯ್ಯೋದೇ ಕಂಡಿದ್ದೆ ನಾನು. ಮೊದಲ್ನೇ ಸಲ ಒಬ್ಬ ಬುದ್ಧಿವಂತ ಸಿಕ್ಕಿದ!" ಎಂದು ಹಾರವನ್ನು ನನ್ನ ಕೊರಳಿಗೇ ಹಾಕಿದರು. ಆಮೇಲೆ, ಬಾಗಿಲಲ್ಲಿ ನಿಂತಿದ್ದ ಸರೋಜಳ ಸೊಂಟದ ಬಿಂದಿಗೆ ನೋಡಿ, ನೀರು ಬಿಡುವವನನ್ನು ಕೂಗಿದರು. "ಏಯ್, ಇಂಥಾ ಮನುಷ್ಯನ ಬೀದಿಗೆ ನೀರಿಲ್ವೇನೋ? ಬಿಡೋ!"

ನಲ್ಲಿ ಮೊದಲು ಕೆಮ್ಮಿತು. ಆಮೇಲೆ ಭೋರೆಂದು ಸುರಿಯಿತು. ಬೀದಿಯ ಹೆಂಗಸರೆಲ್ಲ ಬಿಂದಿಗೆ ಹಿಡಿದು ಓಡಿ ಬಂದರು.

"ಇದು ಪ್ರಜಾಪ್ರಭುತ್ವಕ್ಕೇ ಅವಮಾನ!" ಎಂದು ಒಳಗೆ ಬಂದು ಕೂಗಿ, ಅಚ್ಚುಕೂಟದವರ ಸುತ್ತಿನ ಪದ್ಧತಿಯನ್ನೆಲ್ಲ ಸರೋಜಳಿಗೆ ಹೇಳಿದೆ. "ನೀರು ಹಕ್ಕು, ಹೊಗಳಿಕೆಗೆ ಸಿಕ್ಕುವ ಇನಾಮಲ್ಲ! ನಾಳೆಯೇ ನಿಜವಾದ ಕರಪತ್ರ ಅಚ್ಚಾಗಬೇಕು!"

"ಬರೀರಿ, ಬೇಡ ಅಂದೋರ್ಯಾರು?" ಎಂದಳು ಸರೋಜ, ತುಂಬಿದ ಬಿಂದಿಗೆ ಇಳಿಸುತ್ತ. "ಅವ್ರ ಮನೇಲಿ ಹುಳ ಇನ್ನೊಂದು ಜ್ವರ ಎದ್ದು, ಪೊರೆ ಬಿಟ್ಟು ಸೊಪ್ಪಿಗೆ ಬಾಯಿ ಬಿಡೋ ಹೊತ್ತಿಗೆ ನೀರು ಮತ್ತೆ ತೋಟಕ್ಕೇ ಹೋಗುತ್ತೆ. ಈಗ್ಲೇ ಬರೆದಿಟ್ಕೊಳ್ಳಣ."

ಲೇಖನಿ ಎತ್ತಿಕೊಂಡೆ. ನ್ಯಾಯ, ಹೊಣೆ, ಲಜ್ಜೆ, ಧಿಕ್ಕಾರ, ಒಂದನ್ನೂ ಬಿಡದೆ ಉರಿದುರಿದು ಬರೆಯುತ್ತಲೇ ಹೋದೆ.

ಸರೋಜ ಪಕ್ಕದಲ್ಲೇ ಕುಳಿತು, ಕೆಂಪು ಪೆನ್ಸಿಲ್ ಹಿಡಿದು, ಒಂದೊಂದಕ್ಕೂ ಅಚ್ಚುಕಟ್ಟಾಗಿ ಸುತ್ತು ಹಾಕುತ್ತ ಬಂದಳು.