ಒಣಮೀನು ಅಂದರೆ ಹ್ಯಾಂಗ್ ಆಗುವ ಟ್ಯಾಬ್

ಅತ್ತಾವರದ ನಮ್ಮ ಮೊಬೈಲ್ ಅಂಗಡಿಯಲ್ಲಿ ನಗು ಬರುವಂಥದ್ದು ಎಂತದೂ ಆಗಲಿಲ್ಲ ಅಂದರೆ ಆ ದಿನ ಅಂಗಡಿಗೆ ರಜೆ ಇತ್ತು ಅಂತಲೇ ಲೆಕ್ಕ. ಆಗುವುದಕ್ಕೆಲ್ಲ ನಾನೇ ಕಾರಣ ಅಂತ ನಮ್ಮ ಧಣಿ ಹೇಳ್ತಾರೆ. ಅರ್ಧ ಸುಳ್ಳು. ಉಳಿದ ಅರ್ಧದ ಬಗ್ಗೆ ನನಗೆ ತುಂಬ ಹೆಮ್ಮೆ ಉಂಟು.

ನನ್ನ ಮನೆ ಬೆಂಗ್ರೆಯಲ್ಲಿ. ದಿನಾ ಬೆಳಿಗ್ಗೆ ಫೆರಿಯಲ್ಲಿ ಹೊಳೆ ದಾಟಿ ಬರ್ತೇನೆ. ಹತ್ತನೇ ಕ್ಲಾಸಿನಿಂದ ಆಚೆ ನಾನು ಹೋಗಲಿಲ್ಲವೋ, ಅವರು ಬಿಡಲಿಲ್ಲವೋ, ಅದು ದೊಡ್ಡ ಚರ್ಚೆ. ಆದರೆ ಒಂದು ಮೊಬೈಲನ್ನೂ ಒಂದು ಟ್ಯಾಬನ್ನೂ ಎದುರಿಗಿಟ್ಟು, ಯಾವುದಕ್ಕೆ ಸಿಮ್ ಉಂಟು, ಯಾವುದಕ್ಕೆ ಬರೀ ವೈಫೈ, ಯಾವುದರ ಬ್ಲೂಟೂತ್ ಎಲ್ಲಿವರೆಗೆ ಮುಟ್ತದೆ ಅಂತ ಕೇಳಿ ನೋಡಿ. ನಮ್ಮ ಕ್ಲಾಸಿಗೆ ಫಸ್ಟ್ ಬರ್ತಿದ್ದವನು ಈಗ ಫೋನ್ ತೆಗೊಳ್ಳಲಿಕ್ಕೆ ನನ್ನನ್ನೇ ಕೇಳುವುದು.

ಅಂಗಡಿಯ ಕೌಂಟರಿನ ಹಿಂದೆ ಒಂದು ತಿರುಗುವ ಕುರ್ಚಿ ಉಂಟು. ಗಿರಾಕಿಗೆ "ಇದು ತೆಗೊಳ್ಳಿ, ಅದು ಬೇಡ" ಅಂತ ಹೇಳುವ ಅಧಿಕಾರ ಅದರಲ್ಲಿ ಕೂತವನಿಗೆ ಮಾತ್ರ. ನಾನು ಪಕ್ಕದಲ್ಲಿ ನಿಂತು ಸ್ಕ್ರೀನಿಗೆ ಗ್ಲಾಸ್ ಅಂಟಿಸುವವನು. ಧಣಿ ಮೊದಲೇ ಹೇಳಿದ್ದರು: "ನಿನ್ನ ಮಂಗಾಟ ನಿಂತರೆ ಈ ಕುರ್ಚಿ ನಿನಗೆ. ನಿಲ್ಲದಿದ್ದರೆ ಅಪ್ಪನ ಜೊತೆ ಮೀನಿನ ಬೋಟಿಗೆ ಹೋಗು."

ಬೋಟಿಗೆ ಹೋಗಬಹುದಿತ್ತು. ಆದರೆ ನನಗೆ ಕಡಲಿಗಿಳಿದರೆ ವಾಂತಿ ಬರ್ತದೆ. ಬೆಂಗ್ರೆಯಲ್ಲಿ ಹುಟ್ಟಿದವನು ಇದನ್ನು ಯಾರ ಹತ್ತಿರ ಹೇಳುವುದು ಮಾರಾಯ್ರೇ?

ಬ್ಲೂಟೂತಿನ ಅಳತೆ

ಮೊಬೈಲಿನ ಬ್ಲೂಟೂತ್ ದೂರ ಹೋಗ್ತದೋ ಟ್ಯಾಬಿನದ್ದೋ ಅಂತ ಒಬ್ಬ ಗಿರಾಕಿ ಕೇಳಿದ. "ಎರಡೂ ಒಂದೇ" ಅಂದರು ಧಣಿ. ಪರೀಕ್ಷೆ ಮಾಡದೆ ನಾನು ಯಾವುದನ್ನೂ ನಂಬುವುದಿಲ್ಲ. ಸ್ಕೂಲಿನ ಪರೀಕ್ಷೆಯ ಮಾತು ಬೇರೆ.

ಒಂದು ಸಣ್ಣ ಸ್ಪೀಕರನ್ನು ಪಕ್ಕದ ಬೊಂಡದ ಅಂಗಡಿಗೆ ಒಯ್ದು ಎಳನೀರಿನ ರಾಶಿಯ ಒಳಗೆ ಇಟ್ಟು ಬಂದೆ. ಮಕ್ಕಳ ಹಾಗೆ ಸ್ವರ ಸಣ್ಣ ಮಾಡಿ ನಾನು ರೆಕಾರ್ಡ್ ಮಾಡಿದ ಮಾತನ್ನು ಮೊದಲು ಮೊಬೈಲಿನಿಂದ ಬಿಟ್ಟೆ. ಬರೀ ಕರಕರ. ಆಮೇಲೆ ಟ್ಯಾಬಿನಿಂದ ಬಿಟ್ಟೆ. ಬೊಂಡದಣ್ಣ ಆಗಷ್ಟೇ ಒಂದು ಬೊಂಡ ಎತ್ತಿ ಕತ್ತಿ ಬೀಸಲಿಕ್ಕೆ ಹೊರಟಿದ್ದ. ರಾಶಿಯಿಂದ ಸ್ಪಷ್ಟ ಕೇಳಿತು: "ಅಣ್ಣಾ, ನಾನಿನ್ನೂ ಸಣ್ಣವ. ಆಚೆಯವನನ್ನು ಕಡೀರಿ."

ಬೊಂಡದಣ್ಣ ಕತ್ತಿ ಕೆಳಗಿಟ್ಟ. ಕೈಯಲ್ಲಿದ್ದ ಬೊಂಡವನ್ನು ಮಗುವಿನ ಹಾಗೆ ಮೆಲ್ಲ ಮಲಗಿಸಿದ. ಟ್ಯಾಬ್ ಗೆದ್ದಿತು. ನನ್ನ ಕುರ್ಚಿ ಮಾತ್ರ ಸ್ವಲ್ಪ ಆಚೆ ಸರಿಯಿತು. ಮತ್ತೆ ಆ ಬೊಂಡ? ಅದನ್ನು ಅವನು ಇವತ್ತಿಗೂ ಮಾರಿಲ್ಲ. ಮೂಲೆಯಲ್ಲಿಟ್ಟು ದಿನಾ ಊದುಬತ್ತಿ ಹಚ್ಚುತ್ತಾನೆ.

ಭಟ್ಟರ ಊಟ

ಪೂಜೆ ಮಾಡಿಸುವ ಭಟ್ಟರೊಬ್ಬರಿಗೆ ಮಂತ್ರದ ಪುಸ್ತಕದ ಅಕ್ಷರ ಕಾಣ್ತಾ ಇರಲಿಲ್ಲ. ಮೊಬೈಲಿನಲ್ಲಿ ಅಕ್ಷರ ದೊಡ್ಡ ಮಾಡಿದರೆ ಒಂದು ಸಾಲಿಗೆ ಒಂದೇ ಶಬ್ದ. "ಟ್ಯಾಬ್ ತೆಗೊಳ್ಳಿ ಭಟ್ರೇ, ಸಿಮ್ ಹಾಕುವಂಥದ್ದು. ಫೋನೂ ಬರ್ತದೆ" ಅಂತ ನಿಂತಲ್ಲಿಂದಲೇ ನಾನು ಹೇಳಿದೆ. ಅವರು ಕೊಂಡುಹೋದರು.

ಆ ಟ್ಯಾಬಿಗೆ ಫೋನ್ ಬಂದರೆ ಮೊಬೈಲಿನ ಹಾಗೆ ಕಿವಿಗಿಡಲಿಕ್ಕೆ ಆಗುವುದಿಲ್ಲ, ಮಾತು ಸ್ಪೀಕರಿನಲ್ಲೇ ಬರುವುದು. ಅದನ್ನು ಹೇಳಲಿಕ್ಕೆ ಬಿಟ್ಟುಹೋಗಿತ್ತು. ಮರುದಿನ ಒಂದು ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ. ಹೋಮ ಜೋರಾಗಿ ನಡೀತಾ ಉಂಟು, ಮಣೆಯ ಮೇಲೆ ಟ್ಯಾಬ್ ಉಂಟು, ಭಟ್ಟರ ಕೈ ಪೂರ್ತಿ ತುಪ್ಪ. ಆಗಲೇ ಹೆಂಡತಿಯ ಫೋನ್! ಆ ಮನೆಯ ಮಗುವೊಂದು ಉಪಕಾರ ಮಾಡುವ ಅಂತ ಹಸಿರು ಒತ್ತಿತು.

"ಕೇಳಿತಾ, ಅಲ್ಲಿ ಊಟ ಮಾಡಬೇಡಿ. ಕಳೆದ ಸಲ ಅವರ ಸಾಂಬಾರು ತಿಂದು ನಿಮ್ಮ ಹೊಟ್ಟೆಯ ಅವಸ್ಥೆ ನೆನಪುಂಟಲ್ಲ?"

ಹೋಮಕ್ಕೆ ಕೂತ ಮನೆಯವರೆಲ್ಲ ಭಟ್ಟರ ಹೊಟ್ಟೆಯನ್ನೇ ನೋಡಿದರು.

ಭಟ್ಟರು ಅಂಗಡಿಗೆ ಬರುವುದು ಕಂಡು ನಾನು ಹಿಂದಿನ ಬಾಗಿಲು ನೋಡಿದೆ. "ಸಿಟ್ಟುಂಟಾ ಭಟ್ರೇ?"

"ಸಿಟ್ಟು ನನಗಲ್ಲ ಮಾರಾಯ, ಹೊಟ್ಟೆಗೆ. ಮರ್ಯಾದೆ ಉಳಿಸಲಿಕ್ಕೆ ಆ ಸಾಂಬಾರನ್ನು ಮೂರು ಸಲ ಹಾಕಿಸಿಕೊಂಡೆ!"

ಸ್ವಂತ ದುಡಿಮೆ ಇಲ್ಲದ್ದು

ನಮ್ಮ ಬೆಂಗ್ರೆಯ ಟಂಡೇಲಣ್ಣ, ಅಂದರೆ ಬೋಟ್ ನಡೆಸುವವರು, ವೈಫೈ ಮಾತ್ರ ಇರುವ ಟ್ಯಾಬ್ ಕೊಂಡರು. ಮನೆಯಲ್ಲಿ ಚೆನ್ನಾಗಿ ನಡೆಯಿತು. ಫೆರಿ ಹತ್ತಿದ ಕೂಡಲೇ ನೆಟ್ ಇಲ್ಲ. ಎಲ್ಲರೆದುರು ನನಗೆ ಬೈಗುಳ. ನಾನು ಅವರ ಕಿಸೆಯಿಂದ ಮೊಬೈಲ್ ತೆಗೆದು ಹಾಟ್‌ಸ್ಪಾಟ್ ಹಾಕಿ, ಟ್ಯಾಬಿಗೆ ಕೊಟ್ಟೆ. ಫೆರಿ ಆಚೆ ದಡ ಮುಟ್ಟುವ ಮೊದಲೇ ಟ್ಯಾಬಿನಲ್ಲಿ ಯಕ್ಷಗಾನ ಶುರು.

ಟಂಡೇಲಣ್ಣ ತಿರುಗಿಸಿ ತಿರುಗಿಸಿ ನೋಡಿದರು. "ಅಂದರೆ ಇದಕ್ಕೆ ಸ್ವಂತ ದುಡಿಮೆ ಇಲ್ಲ. ಆ ಸಣ್ಣದು ದುಡಿದು ತಂದದ್ದನ್ನು ಈ ದೊಡ್ಡದು ಕೂತು ತಿನ್ನುವುದು."

"ಹೌದು ಅಣ್ಣ."

"ನಮ್ಮ ಅಳಿಯನ ಹಾಗೆ!"

ಈಗ ಅವರ ಮನೆಯಲ್ಲಿ "ಅಳಿಯನನ್ನು ಚಾರ್ಜಿಗಿಡಿ" ಅಂದರೆ ಯಾರೂ ನಗುವುದಿಲ್ಲ. ಅಳಿಯ ಒಬ್ಬನನ್ನು ಬಿಟ್ಟು ಎಲ್ಲರಿಗೂ ಅಭ್ಯಾಸ ಆಗಿದೆ.

ಉಮ್ಮನ ಪಾಸು

ನಮ್ಮ ಅಂಗಡಿಗೊಂದು ಪದ್ಧತಿ ಉಂಟು. ಹೊಸ ಮಾಡೆಲ್ ಬಂದರೆ ಮೊದಲು ಅದು ಧಣಿಯ ಮನೆಗೆ, ಅವರ ಉಮ್ಮನ ಕೈಗೆ ಹೋಗಬೇಕು. ಉಮ್ಮ ಅಂದರೆ ಧಣಿಯ ತಾಯಿ. ಅವರಿಗೆ ಅರ್ಥ ಆದರೆ ಮಾತ್ರ ಕಪಾಟಿಗೆ. ಈ ಸಲ ಅರ್ಥ ಮಾಡಿಸುವ ಕೆಲಸ ನನಗೆ ಬಂತು.

"ಉಮ್ಮಾ, ವೈಫೈ ಅಂದರೆ ಮನೆಯ ಬಾವಿ, ಅಂಗಳ ದಾಟಿದರೆ ನೀರಿಲ್ಲ. ಸಿಮ್ ಅಂದರೆ ಬಾಟ್ಲಿ, ಹೋದಲ್ಲಿಗೆಲ್ಲ ಬರ್ತದೆ. ಮೊಬೈಲಿಗೆ ಎರಡೂ ಉಂಟು. ಈ ಟ್ಯಾಬಿಗೆ ಬಾವಿ ಮಾತ್ರ, ಆದರೆ ಮೊಮ್ಮಕ್ಕಳ ಮುಖ ದೊಡ್ಡ ಕಾಣ್ತದೆ."

"ನಾನು ಅಂಗಳ ದಾಟಿ ಎಲ್ಲಿ ಹೋಗ್ತೇನೆ ಮೋನೇ? ಬಾವಿಯದ್ದೇ ಇರಲಿ." ಮೋನೇ ಅಂದರೆ ಮಗನೇ ಅಂತ. ಉಮ್ಮನಿಗೆ ನಾನೂ ಮಗನೇ.

ಧಣಿ ಖುಷಿಯಾದರು. "ಈ ಟ್ಯಾಬ್ ಒಂದು ತಿಂಗಳು ತೊಂದರೆ ಕೊಡದಿದ್ದರೆ ಕುರ್ಚಿ ನಿನ್ನದು."

ಧಣಿ ಆಚೆ ಹೋದ ಮೇಲೆ ಉಮ್ಮ ನನ್ನನ್ನು ಹತ್ತಿರ ಕರೆದರು. ಅವರಿಗೆ ಬಿಪಿ. ಒಣಮೀನು ತಿನ್ನಬಾರದು ಅಂತ ದುಬೈಯಲ್ಲಿರುವ ದೊಡ್ಡ ಮಗನದ್ದೂ ಅಂಗಡಿಯಿಂದ ಧಣಿಯದ್ದೂ ದಿನಾ ವಿಡಿಯೋ ಕಾಲಿನಲ್ಲಿ ಭಾಷಣ. "ಕಟ್ ಮಾಡಿದರೆ ಸಿಟ್ಟು ಮಾಡ್ತಾರೆ. ಎಂತ ಮಾಡುವುದು?"

ಇಂಥ ಪ್ರಶ್ನೆಯನ್ನು ನನ್ನ ಹತ್ತಿರ ಕೇಳಬಾರದು. "ಉಮ್ಮಾ, ಬಾಯಿ ಅರ್ಧ ತೆರೆದು ಹಾಗೇ ನಿಂತುಬಿಡಿ. ಕಣ್ಣು ಮಿಟುಕಿಸಬೇಡಿ. ನೆಟ್ ಹ್ಯಾಂಗ್ ಆಯ್ತು ಅಂತ ಅವರೇ ಇಡ್ತಾರೆ."

ತಿಂಗಳು ತುಂಬುವ ಮೊದಲೇ ಧಣಿ ಕೆಂಪು ಮುಖ ಮಾಡಿಕೊಂಡು ಬಂದರು. "ನಿನ್ನ ಟ್ಯಾಬ್ ಹ್ಯಾಂಗ್ ಆಗ್ತದೆ. ದುಬೈಯಿಂದ ಅಣ್ಣನೂ ಬೈದ. ಮಕ್ಕಳು, ಮದುವೆ, ಮಳೆ ಎಲ್ಲ ಮಾತಾಡುವಾಗ ಸರಿ ಉಂಟು. ಒಣಮೀನು ಅಂದ ಕೂಡಲೇ ಹ್ಯಾಂಗ್!"

"ಕೆಲವು ಶಬ್ದಕ್ಕೆ ನೆಟ್ ಜಾಸ್ತಿ ಬೇಕಾಗ್ತದೆ ಧಣಿ."

"ಹೌದಾ? ಈಗ ನಿನ್ನ ಎದುರೇ ಫೋನ್ ಮಾಡ್ತೇನೆ. ಹ್ಯಾಂಗ್ ಆದರೆ ಟ್ಯಾಬ್ ವಾಪಸ್, ನೀನು ಬೋಟಿಗೆ."

ನಿಜ ಹೇಳಿದರೆ ಉಮ್ಮನಿಗೆ ದ್ರೋಹ. ಹೇಳದಿದ್ದರೆ ವಾಂತಿ. ನನ್ನ ಕೈಯಲ್ಲಿದ್ದ ಗ್ಲಾಸ್ ಗುಳ್ಳೆ ಗುಳ್ಳೆಯಾಗಿ ಅಂಟಿತು.

ಊಟದ ಹೊತ್ತು. ವಿಡಿಯೋ ಹತ್ತಿತು. ಉಮ್ಮನ ಎದುರು ಗಂಜಿಯ ಬಟ್ಟಲು, ಎತ್ತಿದ ಕೈಯಲ್ಲಿ ಹುರಿದ ಒಣಮೀನು.

"ಉಮ್ಮಾ! ಕೈಯಲ್ಲಿ ಎಂತ ಅದು?"

ಉಮ್ಮ ಹ್ಯಾಂಗ್. ಬಾಯಿ ಅರ್ಧ ತೆರೆದದ್ದು ತೆರೆದ ಹಾಗೇ.

"ನೋಡಿದ್ಯಾ? ಹ್ಯಾಂಗ್! ನಾಳೆಯಿಂದ ನೀನು ಬೋಟಿಗೆ!" ಧಣಿ ಫೋನ್ ಇಡಲಿಕ್ಕೆ ಬೆರಳು ಎತ್ತಿದರು. ಎತ್ತಿದ ಬೆರಳು ಅಲ್ಲೇ ನಿಂತಿತು.

ಸ್ಕ್ರೀನಿನ ಮೂಲೆಯಿಂದ ಒಂದು ಬಾಲ ಬಂತು. ಬಾಲದ ಹಿಂದೆ ಇಡೀ ಬೆಕ್ಕು. ಅದು ಮೇಜು ಹತ್ತಿ ಉಮ್ಮನ ಕೈ ಮೂಸಿತು. ಉಮ್ಮ ಅಲ್ಲಾಡಲಿಲ್ಲ. ಹೆಮ್ಮೆಯಿಂದ ಹೇಳ್ತೇನೆ, ಇಂಥ ಶಿಷ್ಯೆ ಯಾವ ಮೇಷ್ಟ್ರಿಗೂ ಸಿಗಲಿಕ್ಕಿಲ್ಲ. ಕಣ್ಣಿನ ಗುಡ್ಡೆ ಮಾತ್ರ ಮೆಲ್ಲ ಮೆಲ್ಲ ಬೆಕ್ಕಿನ ಕಡೆಗೆ ತಿರುಗಿತು. ಬೆಕ್ಕು ಮೀನಿಗೆ ಬಾಯಿ ಹಾಕಿತು.

"ಬಿಡು ಹಾಳಾದ್ದೇ, ಅದು ಕೊನೆಯ ತುಂಡು!"

ಉಮ್ಮ ಬೆಕ್ಕಿಗೆ ಹೊಡೆಯಲಿಕ್ಕೆ ಕೈ ಎತ್ತಿದವರು ಸ್ಕ್ರೀನ್ ನೋಡಿದರು. ಕೈ ಎತ್ತಿದ ಹಾಗೆಯೇ ಪುನಃ ಹ್ಯಾಂಗ್.

ಧಣಿ ನನ್ನನ್ನು ನೋಡಿದರು. ನಾನು ಫ್ಯಾನ್ ನೋಡಿದೆ. ಧಣಿಗೆ ಎಂಥ ನಗು ಬಂತು ಅಂದರೆ, ಕುರ್ಚಿಯಲ್ಲಿ ಕೂರಲಿಕ್ಕಾಗದೆ ಎದ್ದು ಕೌಂಟರ್ ಹಿಡಿದುಕೊಂಡರು. ಆಗ ಸ್ಕ್ರೀನಿನಿಂದ ಉಮ್ಮ ಹೇಳಿದರು:

"ಟ್ಯಾಬಿಗೆ ಎಂತದೂ ಆಗಲಿಲ್ಲ ಮೋನೇ. ಆದರೆ ಆ ಹುಡುಗನನ್ನು ಬೋಟಿಗೆ ಕಳಿಸಿದರೆ ನಾನು ಹ್ಯಾಂಗ್ ಆಗ್ತೇನೆ ನೋಡು. ಮತ್ತೆ ದುಬೈಯವನೇ ಬಂದರೂ ಸರಿಯಾಗಲಿಕ್ಕಿಲ್ಲ!"

ಆ ಕುರ್ಚಿಯಲ್ಲಿ ಈಗ ನಾನೇ ಕೂರುವುದು. ಒಂದೇ ತೊಂದರೆ. ಖುಷಿಯಲ್ಲಿ ಜೋರಾಗಿ ತಿರುಗಿಸಿದರೆ ಇದರಲ್ಲೂ ವಾಂತಿ ಬರ್ತದೆ.