ಒಂದೇ ದಪ್ಪದ ಆರು ತಂತಿ

೧೯೮೪ನೇ ಇಸವಿಯಲ್ಲಿ ಹಾನಗಲ್, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳಿಗೆಲ್ಲ ಕೂಡಿ ಒಂದೇ ಒಂದು ಸರಕಾರಿ ಗಿಟಾರು ಇತ್ತು. ಅದು ಹೊಗೆರಹಿತ ಒಲೆ ಪ್ರಚಾರ ಕಚೇರಿಯದು. ಬಾರಿಸುವವನು ದಿನಗೂಲಿಯ ಫಕ್ಕೀರಪ್ಪ. ಹತ್ತಿಮತ್ತೂರಿನ ಕಾರ್ಯಕ್ರಮ ನೆಟ್ಟಗೆ ಮುಗಿದರೆ ಅವನನ್ನು ಕಾಯಂ ಮಾಡತಕ್ಕದ್ದೆಂದು ಮೇಲಿನವರು ಒಪ್ಪಿದ್ದರು. ಆರು ವರ್ಷ ಕಾದ ಜೀವ, ಪಾಪ.

ಕಾರ್ಯಕ್ರಮಕ್ಕೆ ವಾರವಿರುವಾಗ ಅತಿ ಸಣ್ಣ ತಂತಿ ಪಟ್ಟನೆ ಹರಿಯಿತು. ಫಕ್ಕೀರಪ್ಪ ಹೊಸದಕ್ಕೆ ಅರ್ಜಿ ಕೊಟ್ಟ. ಉಗ್ರಾಣದ ಕರಬಸಪ್ಪನವರು ಕಡತ ಬಿಚ್ಚಿದರು.

“ಸಣ್ಣ ತಂತಿ ಇದು ಒಂಬತ್ತನೇ ಸಲ ಹರದೈತಿ. ದಪ್ಪಂದು ಒಮ್ಮೆರ ಹರದೈತೇನು?”

“ಇಲ್ರಿ ಸಾಹೇಬ್ರ.”

“ಮತ್ತ ಸಣ್ಣದು ಯಾಕ ಬೇಕು?”

“ಸಣ್ಣ ದನಿಗೆ ಬೇಕ್ರಿ. ಒಂದೊಂದು ತಂತಿ ಒಂದೊಂದು ದಪ್ಪ ಇರಬೇಕಾಗ್ತೈತ್ರಿ.”

“ಸರಕಾರದ ಮುಂದ ಎಲ್ಲಾ ತಂತಿ ಒಂದ, ಫಕ್ಕೀರಪ್ಪ. ಭೇದಭಾವ ಮಾಡಾಕ ಬರೂದಿಲ್ಲ.”

ಮರುದಿನವೇ ಆದೇಶ ಹೊರಟಿತು: “ಪದೇ ಪದೇ ಹರಿಯುವ ತಂತಿಗಳನ್ನು ಈ ಮೂಲಕ ಸೇವೆಯಿಂದ ವಜಾ ಮಾಡಲಾಗಿದೆ. ಇನ್ನು ಮುಂದೆ ಆರೂ ತಂತಿಗಳು ಅತಿ ದಪ್ಪದ್ದೇ ಇರತಕ್ಕದ್ದು.”

ಆರು ದಪ್ಪ ತಂತಿ ಬಿಗಿದ ಗಿಟಾರಿನ ಕುತ್ತಿಗೆ ಎರಡೇ ದಿನದಲ್ಲಿ ಬಾಗಿತು. ಒತ್ತಿದರೆ ತಂತಿ ಮಣಿಯಲೊಲ್ಲವು. ಮೀಟಿದರೆ ಹಿಟ್ಟಿನ ಗಿರಣಿ ಶುರುವಾದಂತೆ ಗುಂಯ್ ಅನ್ನುವವು. ಹಾಡುಗಾರ್ತಿ ಚಮನಬಿಗೆ “ತಂತಿಗೆ ಹೊಂದುವಂತೆ ದನಿ ದಪ್ಪ ಮಾಡಿಕೊಳ್ಳತಕ್ಕದ್ದು” ಎಂದು ಜ್ಞಾಪನ ಹೋಯಿತು. ಆಕೆ ಮೂರು ದಿನ ತಾಲೀಮು ಮಾಡಿ ಗಂಟಲು ಕಟ್ಟಿಸಿಕೊಂಡಳು. ಕಚೇರಿ ಅದನ್ನು ಪ್ರಗತಿ ಎಂದು ದಾಖಲಿಸಿತು.

ಫಕ್ಕೀರಪ್ಪನಿಗೆ ಅನ್ನ ಸೇರದಾಯಿತು. ಗಿಟಾರು ಅವನ ಕೈಯಲ್ಲೇ ಕೆಡುತ್ತಿತ್ತಲ್ಲ! ಹುಬ್ಬಳ್ಳಿಗೆ ಹೋಗಿ ಸಣ್ಣ, ದಪ್ಪ ಎಲ್ಲ ಸೇರಿದ ಆರು ತಂತಿಯ ಕಟ್ಟು ತಂದ. ಹತ್ತಿಮತ್ತೂರಿನ ವೇದಿಕೆಯ ಹಿಂದೆ ಬಿಗಿಯಲು ಕುಂತಾಗ ಕರಬಸಪ್ಪನವರು ಕೈ ಹಿಡಿದರು.

“ಹರಿದ್ರ ನಿನ್ನ ಕಾಯಂ ಹೋತು. ಆ ದಪ್ಪಂದು ಇರಲಿ.”

“ಅದರಾಗ ಬಾರಿಸಾಕ ಬರೂದಿಲ್ರಿ.”

“ಬಾರಿಸು ಅಂದವರು ಯಾರು? ಬಾರಿಸಿದ್ರ ಅಲ್ಲೇನು ಹರಿಯೂದು? ಸುಮ್ನ ಹಿಡ್ಕೊಂಡು ನಿಂದ್ರು.”

ಕಾಯಂ ಆದೇಶ ಅವರ ಬಗಲಚೀಲದಿಂದ ಇಣುಕುತ್ತಿತ್ತು. ಫಕ್ಕೀರಪ್ಪ ತಂತಿಯ ಕಟ್ಟನ್ನು ಕಿಸೆಗಿಳಿಸಿ ವೇದಿಕೆ ಹತ್ತಿದ. ಒಂದೂವರೆ ತಾಸು ಹಿಡಿದುಕೊಂಡು ನಿಂತ. ಚಮನಬಿ ಬಂದಷ್ಟು ಹಾಡಿದಳು. ಜನ ಚಪ್ಪಾಳೆ ತಟ್ಟಿದರು. ಮೇಲಧಿಕಾರಿಗಳು ಬರೆದರು: “ಹರಿದ ತಂತಿ: ಇಲ್ಲ. ವಾದನ: ತೃಪ್ತಿಕರ.”

ಆದೇಶ ಕೈಗೆ ಬಂದ ದಿನ ಹೆಂಡತಿ ಗುತ್ತೆವ್ವ ಖುಷಿಯಿಂದ, “ಇವತ್ತರ ಒಂದು ಬಾರಸ್ರಿ, ಕೇಳೂಣು,” ಅಂದಳು.

“ಬಾರಸಾಕ ಬರೂದಿಲ್ಲ. ಈಗ ಕಾಯಂ ಆಗೇನಿ,” ಅಂದ ಫಕ್ಕೀರಪ್ಪ.

“ಅದೂ ಖರೇ ಬಿಡ್ರಿ,” ಎಂದು ಆಕೆ ರೊಟ್ಟಿ ಬಡಿಯತೊಡಗಿದಳು.